ದೀಪ ಹಚ್ಚಿದ ಮೇಲೆ ಹೆಪ್ಪು

ಒಳಚರಂಡಿ ನೀರನ್ನು ಶುದ್ಧ ಮಾಡುವುದು ಶುದ್ಧೀಕರಣ ಘಟಕದಲ್ಲಿ ಕೆಲಸ ಮಾಡುವ ನಾವು ಅಂತ ಜನ ತಿಳಿದಿದ್ದಾರೆ. ನಿಜಕ್ಕೂ ಆ ಕೆಲಸ ತೊಟ್ಟಿಯೊಳಗಿನ ಬ್ಯಾಕ್ಟೀರಿಯಾಗಳದ್ದು. ಅವು ಸತ್ತುಹೋದರೆ ಬೇರೆ ಘಟಕದಿಂದ ಒಂದು ಬಕೆಟ್ ಕೆಸರು ತಂದು ಸುರಿಯಬೇಕು, ಮತ್ತೆ ಹುಟ್ಟಿಕೊಳ್ಳುತ್ತವೆ. ಶಿಫ್ಟಿಗೆಲ್ಲ ಸೀನಿಯರ್ ನಾನು. ಸಹಾಯಕಿ ರಾಜಮ್ಮನಿಗೆ ಸುಲಭವಾಗಲಿ ಅಂತ ಆ ಕೆಸರನ್ನು ‘ಹೆಪ್ಪು’ ಅಂತ ಹೇಳಿಕೊಟ್ಟಿದ್ದೆ.

ಒಂದು ಸಂಜೆ ಕುಂಬಾರಕೊಪ್ಪಲಿನ ಅಪಾರ್ಟ್‌ಮೆಂಟ್ ಒಂದರ ಕಾರ್ಯದರ್ಶಿ ಮೇಡಂ ಓಡಿಬಂದರು. ಯಾರೋ ಆಸಿಡ್ ಸುರಿದು ಅವರ ಪುಟ್ಟ ಘಟಕದ ಬ್ಯಾಕ್ಟೀರಿಯಾ ಪೂರ್ತಿ ಸತ್ತು, ಮನೆಮನೆಯವರೂ ಮೂಗು ಮುಚ್ಚಿಕೊಂಡು ಕೂತಿದ್ದರಂತೆ.

“ರಾಜಮ್ಮ, ಇವರಿಗೊಂದು ಬಕೆಟ್ ಹೆಪ್ಪು ಕೊಡಿ,” ಅಂದೆ.

ರಾಜಮ್ಮ ಪ್ಯಾನೆಲ್ ರೂಮಿನ ದೇವರ ಪಟದ ಕಡೆ ಕೈ ತೋರಿಸಿದರು. “ದೀಪ ಹಚ್ಬುಟ್ಟೆ ಸಾರ್. ಈಗ ಹೆಪ್ಪು ಕೊಟ್ರೆ ಲಕ್ಷ್ಮಿ ಹೊರಟೋಯ್ತಾಳೆ.”

“ಇದು ಕೊಚ್ಚೆ ಕಣ್ರೀ!”

“ಹೆಪ್ಪು ಅಂದೋರು ನೀವೇ.”

ಮೇಡಂ ರೇಗುತ್ತಾರೆ ಅಂದುಕೊಂಡೆ. “ಅಯ್ಯೋ ಹೌದಲ್ವಾ, ನಮ್ಮನೇಲೂ ಕೊಡಲ್ಲ,” ಅಂತ ಕೆನ್ನೆ ಬಡಿದುಕೊಂಡು ಹೋದವರು, ಮರುದಿನ ಬೆಳಿಗ್ಗೆ ಬಂದು ನಮ್ಮದೇ ಬಕೆಟ್‌ನಲ್ಲಿ ಕೆಸರು ತುಂಬಿಸಿಕೊಂಡು ಹೋದರು.

ಕೆಲವು ದಿನ ಬಿಟ್ಟು ಬಕೆಟ್ ವಾಪಸ್ ಬಂತು. ಅವರ ಘಟಕ ಸರಿಹೋಗಿತ್ತಂತೆ. ಮುಚ್ಚಳ ತೆಗೆದರೆ, ಬಕೆಟ್ ತುಂಬ ಕೋಡುಬಳೆ!

“ಬರೀ ಪಾತ್ರೆ ವಾಪಸ್ ಕೊಡಬಾರದಲ್ವಾ? ಚೆನ್ನಾಗಿ ತೊಳೆದಿದ್ದೀನಿ, ತಗೊಳ್ಳಿ,” ಅಂದರು ಮೇಡಂ.

ನಾನು ಶಾಸ್ತ್ರ ಬಲ್ಲ ರಾಜಮ್ಮನ ಮುಖ ನೋಡಿದೆ. ಅವರು ಬಕೆಟ್ಟನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. “ನಂಗಿವತ್ತು ಉಪವಾಸ ಸಾರ್. ನೀವು ತಿನ್ನಿ.”

ಅರ್ಧ ಗಂಟೆ ಹಿಂದೆ ತಾನೇ ಇಬ್ಬರೂ ಕೂತು ಮುದ್ದೆ ಉಂಡಿದ್ದೆವು.