ನಡುಮನೆಯ ಕರಿ ದೆವ್ವ

ಮಸಗುಪ್ಪಿಯ ದ್ರಾಕ್ಷಾಯಿಣಿ ಹೊಲಿಗೆ ಕೆಲಸದವಳು. ಗಂಡ ಲಕ್ಷ್ಮಣ ಕುರಿ ಹಿಂಡಿನ ಹಿಂದೆ ಊರೂರು ತಿರುಗುತ್ತಿದ್ದರೆ, ಅವಳು ವಯಸ್ಸಾದ ಅತ್ತೆ ಉದ್ದವ್ವನನ್ನು ನೋಡಿಕೊಳ್ಳುತ್ತ, ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಊರ ಹೆಂಗಸರಿಗೆ ಕುಪ್ಪಸ ಹೊಲಿದುಕೊಡುತ್ತಿದ್ದಳು. ಗಟ್ಟಿ ಜೀವ. ಗೋಕಾಕದ ಮಹಾಂತೇಶ ಗೆಳೆಯರೊಂದಿಗೆ ಬಂದು, ದೆವ್ವದ ಸಿನಿಮಾ ತೆಗೆಯಲು ಅವಳ ಹಳೆಯ ಮಣ್ಣಿನ ಮನೆ ಕೇಳಿದಾಗ ಹಿಂದೆಮುಂದೆ ನೋಡದೆ ಹೂಂ ಅಂದಳು.

ಅಂದವಳು ಸುಮ್ಮನೆ ಕೂರಲಿಲ್ಲ. ದೆವ್ವದ ಬಿಳಿ ಅಂಗಿ ಹೊಲಿದವಳು ಅವಳೇ. ಹುಡುಗರು ಹಾಡುಹಗಲೇ ಕಿಟಕಿಗೆಲ್ಲ ಕರಿ ಬಟ್ಟೆ ಬಿಗಿದು ಕತ್ತಲು ಮಾಡಿದರು. ಬೆಲ್ಲದ ಪಾಕಕ್ಕೆ ಕೆಂಪು ಬಣ್ಣ ಕಲಸಿ ಗೋಡೆಯ ಮೇಲಿಂದ ರಕ್ತ ಇಳಿಸಿದರು. ಇರುವೆ ಮುತ್ತಿ ಎಲ್ಲರನ್ನೂ ಕಚ್ಚಿದವು. ತೊಟ್ಟಿಲಿಗೆ ಗಾಳದ ದಾರ ಕಟ್ಟಿ, ಬಾಗಿಲ ಮರೆಯಲ್ಲಿ ಕೂತು ದ್ರಾಕ್ಷಾಯಿಣಿ ಎಳೆದಳು. ಉದ್ದವ್ವ ಅಡ್ಡ ಬರಬಾರದೆಂದು ಬಾಜೂ ಮನೆಯ ಯಲ್ಲಕ್ಕನ ಕಟ್ಟೆಯ ಮೇಲೆ ಕೂರಿಸಿದ್ದರು.

ಸಿನಿಮಾ ಎಲ್ಲರ ಫೋನಿಗೂ ಬಂತು. ದ್ರಾಕ್ಷಾಯಿಣಿ ನಗುತ್ತ ನೋಡುತ್ತಿದ್ದಳು. ತೊಟ್ಟಿಲು ತಾನಾಗಿ ತೂಗತೊಡಗಿದಾಗ, ಅದರ ಹಿಂದೆ ನಡುಮನೆಯಲ್ಲಿ ಕರಿ ಆಕಾರವೊಂದು ಹಾದುಹೋಯಿತು. ಬಾಗಿದ ಬೆನ್ನು. ಮುಖವೇ ಇಲ್ಲ. ಅವಳ ನಗು ನಿಂತಿತು. ಕೂಡಲೇ ಮಹಾಂತೇಶನಿಗೆ ಫೋನ್ ಹಚ್ಚಿದಳು.

“ತಮ್ಮಾ, ಆ ಕರೀದು ಹೆಂಗ ಮಾಡಿದ್ರಿ?”

“ಯಕ್ಕಾ, ಅದು ನಾವು ಮಾಡಿದ್ದಲ್ರಿ. ನೀವs ಏನರ ಮಾಡಿರಬೇಕು ಅಂದ್ಕೊಂಡಿದ್ವಿ.”

ಸಿನಿಮಾದ ಒಂದೊಂದು ದೆವ್ವವೂ ಹೇಗಾಯಿತೆಂದು ಅವಳಿಗೆ ಗೊತ್ತಿತ್ತು. ಇದೊಂದು ಯಾರಿಗೂ ಗೊತ್ತಿರಲಿಲ್ಲ. ಸುದ್ದಿ ಊರು ತುಂಬಿತು. ಹೊಲಿಸುವವರು ಹೊಸಿಲು ತುಳಿಯದಾದರು. ಯಲ್ಲಕ್ಕ ಕೂಡ ಗೋಡೆಯ ಆಚೆಯಿಂದಲೇ ಮಾತಾಡತೊಡಗಿದಳು. ದ್ರಾಕ್ಷಾಯಿಣಿ ನಡುಮನೆಯಲ್ಲಿದ್ದ ಒಲೆಯನ್ನು ಪಡಸಾಲೆಗೆ ತಂದಳು. ನಡುಮನೆಗೆ ಹೋಗುವುದಿದ್ದರೆ ಅತ್ತೆಯನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದಳು. ಮುದುಕಿಗೆ ಯಾಕೆಂದು ತಿಳಿಯುತ್ತಿರಲಿಲ್ಲ. ಕೇಳಿದರೆ ಅತ್ತೆ ಅಂಜುತ್ತಾಳೆಂದು ಸೊಸೆ ದೆವ್ವದ ಸುದ್ದಿ ಹೇಳಿರಲೂ ಇಲ್ಲ.

ಕಡೆಗೆ ಮಹಾಂತೇಶನೇ ಲ್ಯಾಪ್‌ಟಾಪ್ ಹಿಡಿದು ಬಂದ. ಕರಿ ಆಕಾರವನ್ನು ಅಲ್ಲೇ ನಿಲ್ಲಿಸಿ, ದೊಡ್ಡದು ಮಾಡಿ ತೋರಿಸಿದ. ಮೂಲೆಯಲ್ಲಿದ್ದ ಉದ್ದವ್ವ ಎದ್ದು ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

“ಏ, ಇದು ನನ್ನ ಕಂಬಳಿ ಅಲ್ಲೇನ?”

“ಏನಂದ್ರಿ ಅತ್ತಿ?”

“ಜಿಟಿಜಿಟಿ ಮಳಿ ಹತ್ತಿತ್ತು. ಕಂಬಳಿ ತಲಿ ಮ್ಯಾಲಿಂದ ಕೊಪ್ಪಿ ಹಾಕ್ಕೊಂಡು ಹಿತ್ತಲ ಬಾಗಲಿಂದ ಬಂದು ಎಲಿ-ಅಡಕಿ ಚೀಲ ಒಯ್ದೆ. ನೀವೆಲ್ಲಾ ತೊಟ್ಟಲಾ ನೋಡ್ಕೋತ ಕುಂತಿದ್ರಿ.”

“ಮೊದ್ಲs ಹೇಳಬಾರದಿತ್ತೇನ್ರಿ?”

“ಯಾರರ ಕೇಳಿದ್ರೇನ?”

ದ್ರಾಕ್ಷಾಯಿಣಿ ಇದ್ದಲ್ಲೇ ಕುಸಿದು ಕೂತಳು. ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರೂ ಬಂತು. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿತ್ತು. ಉದ್ದವ್ವನಿಗೆ ಮಾತ್ರ ಬೇರೆಯದೇ ಚಿಂತೆ. “ತಮ್ಮಾ, ಇದರಾಗ ನನ್ನ ಮಾರಿನs ಬಂದಿಲ್ಲಲ್ಲೋ! ಇನ್ನೊಮ್ಮಿ ತಗಿ,” ಅಂದಳು.

ದೆವ್ವ ತಾನೇ ಎಂದು ಮುದುಕಿ ಓಣಿಯೆಲ್ಲ ಹೇಳಿಕೊಂಡು ಬಂದಳು. ಸಂಜೆಯೊಳಗೆ ಮನೆ ತುಂಬ ಹೆಂಗಸರು. ಯಲ್ಲಕ್ಕ ಕಂಬಳಿ ಹೊದಿಸಿ ಅವಳನ್ನು ನಡುಮನೆಯಲ್ಲಿ ಓಡಾಡಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಒಲೆಯನ್ನು ಎರಡೂ ಕೈಯಲ್ಲಿ ಎತ್ತಿ, ತಾನೇ ಮುಂದಾಗಿ ಒಳಗೆ ಒಯ್ದಿಟ್ಟಳು. ದ್ರಾಕ್ಷಾಯಿಣಿ ಎಲ್ಲರಿಗೂ ಚಹಾಕ್ಕಿಟ್ಟಳು.