ಒಂದು ಗೆರೆಯೂ ಬಿದ್ದಿಲ್ಲ ರುದ್ರೇಶ

ಸುಳ್ಳು ಅಂತಲೇ ಅಂದುಕೊಂಡೆ...
ಸಂಜೆ ನಾಲ್ಕೂವರೆಗೆ ರುದ್ರೇಶನ ನಂಬರಿನಿಂದ ಫೋನ್ ಬಂತು. ಕೆತ್ತನೆ ಮುಗೀತು ಅಂತ ಹೇಳೋಕೆ ಮಾಡಿದ್ದಾನೆ ಅಂತ ನಗುತ್ತಲೇ ಎತ್ತಿದೆ.
ಮಾತಾಡಿದ್ದು ಅವನ ಹೆಂಡತಿ ಸುಮ.
ಕೆತ್ತನೆ ಮುಗಿದಿತ್ತು... ರುದ್ರೇಶ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ.
ಪೀಣ್ಯದ ಟೂಲ್ ರೂಮಿನಲ್ಲಿ ನಾವಿಬ್ಬರೂ ಪಕ್ಕಪಕ್ಕದಲ್ಲಿ ಕೆಲಸ ಮಾಡಿದವರು.
ವಿದ್ಯಾರಣ್ಯಪುರದ ಮನೆಯಲ್ಲಿ, ಕಾರ್ ನಿಲ್ಲಿಸೋ ಜಾಗದಲ್ಲಿ, ಅವನು ಹವ್ಯಾಸಕ್ಕೆ ಅಂತ ತಾನೇ ಒಂದು ಸಿಎನ್‌ಸಿ ಮೆಷಿನ್ ಕಟ್ಟಿಕೊಂಡಿದ್ದ.
ಕಂಪ್ಯೂಟರಿನಲ್ಲಿ ಡಿಸೈನ್ ಹಾಕಿದರೆ ಅದು ಮರ ಕೆತ್ತುತ್ತೆ... ಎಂಟು ಗಂಟೆ, ಹತ್ತು ಗಂಟೆ, ಒಂದೇ ಸಮನೆ.
ಪಾಪ, ಕಾರು ರಸ್ತೆ ಬಿಸಿಲಲ್ಲಿ.
ಓಡುವ ಮೆಷಿನ್ ಬಿಟ್ಟು ಅವನು ಏಳುತ್ತಿರಲಿಲ್ಲ. ಊಟವೂ ಅಲ್ಲೇ, ಪ್ಲಾಸ್ಟಿಕ್ ಸ್ಟೂಲ್ ಮೇಲೆ.

ಈಗ ನಮ್ಮ ಸಿಎನ್‌ಸಿ ಗ್ರೂಪಿನ ಮಹಾನುಭಾವರು ಶುರು ಹಚ್ಚಿಕೊಂಡಿದ್ದಾರೆ.
"ಕೆಲಸ ಮಾಡ್ತಾ ಮಾಡ್ತಾನೇ ಹೋದ ಪುಣ್ಯವಂತ."
"ಇಂಥಾ ಸಾವು ಎಲ್ರಿಗೂ ಸಿಗಲ್ಲ ಗುರು."
ಒಬ್ಬರಂತೂ ಆ ಕೆತ್ತನೆಯ ಫೋಟೋ ಹಾಕಿ ಲೈಕ್ ಎಣಿಸ್ತಾ ಕೂತಿದ್ದಾರೆ.
ಮೊದಲು ತೆಗೀರಿ ಅದನ್ನ.

ಪುಣ್ಯವಂತನಂತೆ... ಮಣ್ಣಂಗಟ್ಟಿ!
ಓಡುವ ಮೆಷಿನ್ ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಮರದ ಮೇಲೆ ಕೂದಲೆಳೆಯಷ್ಟು ಗೆರೆ ಬೀಳಬಹುದು. ಅಷ್ಟೇ.
ಆ ಗೆರೆಯನ್ನು ಝೂಮ್ ಮಾಡಿ, ಕೆಂಪು ವೃತ್ತ ಎಳೆದು, "ಯಾರಪ್ಪಾ ಇವ್ನು, ಮಧ್ಯದಲ್ಲಿ ಎದ್ದು ಹೋದೋನು?" ಅಂತ ಆಡಿಕೊಂಡು ನಕ್ಕಿದ್ದು ಇದೇ ಗ್ರೂಪ್ ತಾನೇ?
ನಾನೂ ನಕ್ಕಿದ್ದೀನಿ.
ಎಲ್ಲರಿಗಿಂತ ಜೋರಾಗಿ.

ಲೋ ರುದ್ರೇಶ...
ನಿನ್ನ ಮೇಲೂ ಕೋಪ ಇದೆ ಕಣೋ.
ಕೆತ್ತುತ್ತಿದ್ದಿದ್ದು ನಮ್ಮ ಹೊಸ ಮನೆ ಬಾಗಿಲಿಗೆ ಗಜಲಕ್ಷ್ಮಿ. ಮುಂದಿನ ವಾರ ಗೃಹಪ್ರವೇಶ. ಬೆಳಗ್ಗೆ ಆರಕ್ಕೆ ನೀನು ಶುರು ಮಾಡಿದ್ದೆ.
ಮೂರು ಗಂಟೆಗೆ ನೀನು ಫೋನ್ ಮಾಡಿದೆ.
"ಎದೆ ಯಾಕೋ ಹಿಡ್ಕೊಂಡಂಗಿದೆ ಮಗಾ, ಗ್ಯಾಸ್ ಇರ್ಬೇಕು. ಇನ್ನೊಂದ್ ಗಂಟೆ ಕೆಲ್ಸ ಬಾಕಿ ಇದೆ. ನಿಲ್ಸಿ, ಹೋಗಿ ತೋರಿಸ್ಕೊಂಡ್ ಬರ್ಲಾ? ಗೆರೆ ಬೀಳುತ್ತಾ?"

ನಾನು ಉತ್ತರ ಕೊಟ್ಟಿದ್ದು ಕೊನೇ ಪ್ರಶ್ನೆಗೆ ಮಾತ್ರ.

"ಬೀಳುತ್ತೆ ಗುರು, ಲಕ್ಷ್ಮಿ ಮುಖದ ಮೇಲೇ ಬೀಳುತ್ತೆ. ಒಂದ್ ಗಂಟೆ ತಾನೇ? ಸೋಡಾ ಕುಡ್ದು ಮುಗಿಸ್ಬಿಡು."
"ಸರಿ ಬಿಡು" ಅಂದೆ ನೀನು.
ಯಾಕೋ ಸರಿ ಅಂದೆ?
"ನಿನ್ ಬಾಗಿಲು ಹಾಳಾಗ್ಲಿ, ನಾನ್ ಹೋಗ್ತೀನಿ" ಅನ್ನೋಕೆ ಏನಾಗಿತ್ತು ನಿನಗೆ?
ಕೈಗೆ ಸಿಗೋ ಹಾಗೇ ಇತ್ತಲ್ಲೋ ಮೆಷಿನ್ ನಿಲ್ಲಿಸೋ ಕೆಂಪು ಗುಂಡಿ... ನಾವಿಬ್ಬರೂ ಸೇರಿ ಕೂರಿಸಿದ್ದು.

ಸುಮ ಅವರು ಒಳಗೇ ಇದ್ದರು.
"ಮೆಷಿನ್ ಸದ್ದು ಬರ್ತಾನೇ ಇತ್ತಲ್ಲಾ ಅಣ್ಣ... ಅದಕ್ಕೇ ಚೆನ್ನಾಗಿದಾರೆ ಅಂದ್ಕೊಂಡೆ" ಅಂದರು.
ಸದ್ದು ನಿಂತ ಮೇಲೆ ಕಾಫಿ ಹಿಡಿದುಕೊಂಡು ಹೊರಗೆ ಬಂದರಂತೆ.
ಅವರ ಎದುರಿಗೆ ಆ ಫೋನಿನ ವಿಷಯ ಹೇಳೋಕೆ ನನಗೆ ಬಾಯಿ ಬರಲಿಲ್ಲ.
ಇಲ್ಲಿ ಬರೆದಿದ್ದೀನಿ. ಅವರೂ ಓದ್ತಾರೆ... ಓದಲಿ.

ಅವರ ಮನೆಯಿಂದ ಹೊರಡುವ ಮುಂಚೆ ಆ ಗಜಲಕ್ಷ್ಮಿ ಹಲಗೆ ಮೇಲೆ ಬೆರಳಾಡಿಸಿದೆ. ಎಲ್ಲಾದರೂ ಒಂದು ಗೆರೆ ಸಿಗಲಿ ಅಂತ ಹುಡುಕಿದೆ.
ಸಿಗಲಿಲ್ಲ.
ಸಿಕ್ಕಿದ್ದರೂ ಉಪ್ಪು ಕಾಗದ ಹಾಕಿ ಐದು ನಿಮಿಷ ಉಜ್ಜಿದರೆ ಹೋಗುತ್ತಿತ್ತು. ಮೂರು ಗಂಟೆಗೂ ನನಗದು ಗೊತ್ತಿತ್ತು.
ಆ ಹಲಗೆ ನನ್ನ ಬಾಗಿಲಿಗೆ ಬರೋದಿಲ್ಲ.
ಯಾರೂ ಕಾಮೆಂಟಿನಲ್ಲಿ ನನಗೆ ಸಮಾಧಾನ ಹೇಳೋಕೆ ಬರಬೇಡಿ. ಬ್ಲಾಕ್ ಮಾಡ್ತೀನಿ.

ದಾಸರಹಳ್ಳಿಯ ನಮ್ಮನೆಯಿಂದ ನಿಮ್ಮನೆಗೆ ಗಾಡಿಯಲ್ಲಿ ಅರ್ಧ ಗಂಟೆ ಕಣೋ...
ನಾನು ಫೋನಲ್ಲಿ ಹೇಳಬೇಕಿದ್ದ ಮಾತು ಒಂದೇ. ಈಗ ಹೇಳ್ತಿದ್ದೀನಿ.

ನೀನ್ ಎದ್ದು ಹೋಗೋ ಮಗಾ...
ಮೆಷಿನ್ ಹತ್ರ ನಾನ್ ಕೂತಿರ್ತೀನಿ.
ನೆಮ್ಮದಿಯಾಗಿ ಹೋಗು.