ಇನ್ನೊಂದ್ಸಲ ರೇಸ್ ಮಾಡಮ್ಮ

ಶಿಡ್ಲಘಟ್ಟದ ಮೆಕ್ಯಾನಿಕ್ ಒಬ್ಬರು ಸದ್ದು ಕೇಳಿಯೇ ಕಾರಿನ ಕಾಯಿಲೆ ಹೇಳುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ನಾನು ಹೋದಾಗಲೆಲ್ಲ ಬಾನೆಟ್ ಎತ್ತಿ, ಕಣ್ಣು ಮುಚ್ಚಿ, "ಇನ್ನೊಂದ್ಸಲ ರೇಸ್ ಮಾಡಮ್ಮ" ಎನ್ನುತ್ತಿದ್ದರು. ಅದನ್ನು ನಾನು ಶ್ರದ್ಧೆ ಎಂದುಕೊಂಡಿದ್ದೆ.

ಕಳೆದ ವರ್ಷ ದಿಬ್ಬೂರಹಳ್ಳಿ ದಾರಿಯ ಏರಿನಲ್ಲಿ ನನ್ನ ಟರ್ಬೊ ಕಾರು ಎಳೆಯದೆ ಮುಗ್ಗರಿಸಿ, ಎರಡು ಸಲ ಆಫ್ ಆಯಿತು. ಅವರ ಹತ್ತಿರ ಒಯ್ದೆ. ಆಕ್ಸಿಲರೇಟರ್ ಒತ್ತಿದೊಡನೆ ಬುಸ್ಸೆಂದು ಗಾಳಿ ಸೋರುವುದು ಸೀಟಿನಲ್ಲಿದ್ದ ನನಗೇ ಕೇಳಿಸಿತು. ಅವರು ಮಾತ್ರ "ಇನ್ನೊಂದ್ಸಲ" ಎನ್ನುತ್ತಲೇ ಇದ್ದರು. ಐದನೇ ಸಲಕ್ಕೆ ಟರ್ಬೊ ಪೈಪಿನ ಸುತ್ತ ಮೆಲ್ಲಗೆ ಅಂಗೈ ಆಡಿಸಿದ್ದು ಬಾನೆಟ್ ಸಂದಿಯಲ್ಲಿ ಕಂಡಿತು. ಗಾಳಿ ಬಡಿದಲ್ಲಿ ಕೈ ನಿಂತಿತು. ಪೈಪು ಅಲ್ಲೇ ಸೀಳಿಹೋಗಿತ್ತು.

ಹೊಸ ಪೈಪು ಬಿಗಿದ ಮೇಲೆ ಮತ್ತೊಮ್ಮೆ ರೇಸ್ ಮಾಡಿಸಿ, ನನ್ನ ತುಟಿಗಳನ್ನೇ ನೋಡುತ್ತಾ ಕೇಳಿದರು: "ಸದ್ದು ನಿಂತೋಯ್ತಾ? ನೀನೇ ಹೇಳಮ್ಮ."